ಮಾರಾಟಕ್ಕಿರುವ ಮನೆಗಳು ಜಾಸ್ತಿಯಾದಾಗ ಕೊಳ್ಳುವವರು, ಮಾರುವವರು ಏನು ಮಾಡಬೇಕು?

ಒಂದು ಏರಿಯಾದಲ್ಲಿ ಮಾರಾಟದ ಬೋರ್ಡುಗಳು ಹೆಚ್ಚಾದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಕೊಳ್ಳುವವರು ‘ಇನ್ನೂ ಸ್ವಲ್ಪ ಕಾಯೋಣ, ರೇಟು ಇಳಿಯುತ್ತೆ’ ಅಂತಾರೆ. ಮಾರುವವರು ‘ಬೆಂಗಳೂರಲ್ಲಿ ರೇಟು ಇಳಿಯೋದುಂಟಾ’ ಅಂತಾರೆ. ಇಬ್ಬರ ಕಣ್ಣೂ ರೇಟಿನ ಮೇಲೇ ಇರುತ್ತದೆ. ಆದರೆ ಇಂಥ ಹೊತ್ತಿನಲ್ಲಿ ಮೊದಲು ಸಿಗುವುದು ಪುರುಸೊತ್ತು. ‘ಇವತ್ತೇ ಟೋಕನ್ ಕೊಡಿ, ಸಂಜೆ ಇನ್ನೊಬ್ಬರು ಬರ್ತಿದ್ದಾರೆ’ ಅನ್ನುವ ಒತ್ತಡ ಕಡಿಮೆಯಾಗುತ್ತದೆ. ಕೊಳ್ಳುವವರಿಗೆ ಕಾಗದಪತ್ರಗಳನ್ನು ಕೂತು ಓದಲು ಸಮಯ ಸಿಗುತ್ತದೆ. ಅದೇ ಕಾರಣಕ್ಕೆ ಕಾಗದ ಸರಿಯಿಲ್ಲದ ಮನೆಗಳು ಹಿಂದೆ ಉಳಿಯುತ್ತವೆ. ಬೇಡಿಕೆ ಜೋರಾಗಿದ್ದಾಗ ಜನ ಕಣ್ಣುಮುಚ್ಚಿ ಒಪ್ಪುತ್ತಿದ್ದ ಕೊರತೆಗಳೆಲ್ಲ ಈಗ ಚೌಕಾಸಿಗೆ ಬರುತ್ತವೆ. ಹಾಗಾಗಿ ಈ ಲೇಖನದಲ್ಲಿ ರೇಟಿಗಿಂತ ಕಾಗದದ ಮಾತೇ ಜಾಸ್ತಿ. ಬೆಂಗಳೂರಿನ ಫ್ಲ್ಯಾಟುಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯವರಿಗೂ ಬಹುಪಾಲು ಇದೇ ಲೆಕ್ಕ.

ಮೊದಲು ಎಣಿಸಿ ನೋಡಿ

‘ಮನೆಗಳು ತುಂಬಾ ಖಾಲಿ ಇವೆ’ ಅನ್ನುವುದು ಲೆಕ್ಕವಲ್ಲ. ನಿಮ್ಮ ಏರಿಯಾದಲ್ಲಿ, ನಿಮಗೆ ಬೇಕಾದ ಅಳತೆಯ ಮನೆಗಳು ಎಷ್ಟು ಮಾರಾಟಕ್ಕಿವೆ, ತಿಂಗಳಿಗೆ ಎಷ್ಟು ಮಾರಾಟವಾಗುತ್ತಿವೆ ಅಂತ ನೋಡಿ. 120 ಎರಡು ಬೆಡ್‌ರೂಮಿನ ಫ್ಲ್ಯಾಟುಗಳಿದ್ದು, ತಿಂಗಳಿಗೆ 10 ಹೋಗುತ್ತಿದ್ದರೆ ಅದು 12 ತಿಂಗಳ ಸ್ಟಾಕು. ನನ್ನ ಮಟ್ಟಿಗೆ, ಆರು ತಿಂಗಳಿಗಿಂತ ಕಡಿಮೆಯಿದ್ದರೆ ಮಾರುವವರ ಕೈ ಮೇಲು. ವರ್ಷ ದಾಟಿದರೆ ಕೊಳ್ಳುವವರ ಕೈ ಮೇಲು. ನಡುವೆ ಇದ್ದರೆ ಆ ಮನೆ ಎಂಥದ್ದು ಅನ್ನುವುದರ ಮೇಲೆ ಹೋಗುತ್ತದೆ.

ಆನ್‌ಲೈನ್ ಜಾಹೀರಾತುಗಳನ್ನು ಎಣಿಸುವಾಗ ಹುಷಾರು. ಒಂದೇ ಫ್ಲ್ಯಾಟನ್ನು ನಾಲ್ಕೈದು ಬ್ರೋಕರುಗಳು ಹಾಕಿರುತ್ತಾರೆ. ಮಹಡಿ, ಚದರಡಿ, ಬಾಲ್ಕನಿಯ ಫೋಟೋ ಹೋಲಿಸಿದರೆ ಗೊತ್ತಾಗುತ್ತದೆ. ಹೊಸ ಪ್ರಾಜೆಕ್ಟುಗಳ ಲೆಕ್ಕ ಬಿಲ್ಡರುಗಳ ಪ್ರಾಜೆಕ್ಟುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರವಾದ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಷ್ಟು ಫ್ಲ್ಯಾಟು ಬುಕ್ ಆಗಿವೆ ಅಂತ ಬಿಲ್ಡರು ಮೂರು ತಿಂಗಳಿಗೊಮ್ಮೆ ಅಲ್ಲಿ ತಿಳಿಸಬೇಕು ಅನ್ನುವುದು ಕಾನೂನು. ಸೇಲ್ಸ್‌ನವರು ‘ಇನ್ನು ಎರಡೇ ಉಳಿದಿವೆ’ ಅಂದಾಗ ಇದನ್ನು ತೆಗೆದು ನೋಡಿ.

ಯಾಕೆ ಜಾಸ್ತಿಯಾದವು ಅಂತ ತಿಳಿಯಿರಿ

ಇದನ್ನು ಬಹಳ ಜನ ಕೇಳುವುದೇ ಇಲ್ಲ, ಆದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸರ್ಜಾಪುರ ರಸ್ತೆಯಲ್ಲೋ ವೈಟ್‌ಫೀಲ್ಡ್ ಕಡೆಯೋ ಒಂದೇ ವರ್ಷ ಮೂರ್ನಾಲ್ಕು ದೊಡ್ಡ ಪ್ರಾಜೆಕ್ಟುಗಳ ಕೀ ಹಂಚಿದರು ಅಂದುಕೊಳ್ಳಿ. ಲಾಂಚ್ ಹೊತ್ತಿಗೆ ಹೂಡಿಕೆಗೆಂದು ಕೊಂಡವರೆಲ್ಲ ಒಟ್ಟಿಗೆ ಮಾರಾಟಕ್ಕೆ ಇಡುತ್ತಾರೆ. ಅವರಿಗೆ ಇಎಂಐ ಇದೆ, ಮೆಂಟೆನೆನ್ಸ್ ಶುರುವಾಗಿದೆ, ಬಾಡಿಗೆದಾರರನ್ನು ಹುಡುಕಲೂ ಪೈಪೋಟಿ. ಇಂಥ ಕಡೆ ಒಳ್ಳೆಯ ಮನೆ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಆ ಸ್ಟಾಕು ಕೆಲವು ತಿಂಗಳಲ್ಲಿ ಕರಗುತ್ತದೆ ಕೂಡ.

ಕಂಪನಿಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದು ನಿಧಾನವಾಗಿ ಇಡೀ ಊರಲ್ಲೇ ಮಾರಾಟ ತಣ್ಣಗಾಗಿದ್ದರೆ ಅದು ಬೇರೆ ಮಾತು. ಆಗ ಕೊಳ್ಳುವವರು ಅವಸರ ಮಾಡಬಾರದು. ತಮ್ಮ ಕೆಲಸದ ಭದ್ರತೆಯನ್ನೂ ನೋಡಿಕೊಳ್ಳಬೇಕು.

ಮೂರನೆಯದು ಅಪಾಯದ್ದು. ಸುತ್ತಮುತ್ತ ಎಲ್ಲ ಸರಿಯಿದ್ದು ಒಂದೇ ಅಪಾರ್ಟ್‌ಮೆಂಟಿನಲ್ಲಿ ಸಾಲು ಸಾಲು ಫ್ಲ್ಯಾಟುಗಳು ಮಾರಾಟಕ್ಕಿದ್ದರೆ, ಅಲ್ಲಿ ಏನೋ ಇದೆ. ನೀರಿನ ತೊಂದರೆ ಇರಬಹುದು, ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಸರ್ಟಿಫಿಕೇಟು) ಇಲ್ಲದಿರಬಹುದು, ಜಾಗದ ಮೇಲೆ ಕೇಸಿರಬಹುದು. ಸೆಕ್ಯೂರಿಟಿಯವರನ್ನು ಮಾತಾಡಿಸಿ, ಲಿಫ್ಟಿನಲ್ಲಿ ಸಿಕ್ಕ ಆಂಟಿಯನ್ನು ಕೇಳಿ. ರಾತ್ರಿ ಎಂಟಕ್ಕೆ ಹೊರಗೆ ನಿಂತು ಎಷ್ಟು ಕಿಟಕಿಗಳಲ್ಲಿ ದೀಪ ಇದೆ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತ ಅಪಾರ್ಟ್‌ಮೆಂಟುಗಳು ಎಷ್ಟೋ ಇದ್ದವು. ಆ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚಾಯಿತು ಅಂತ ಅಸೋಸಿಯೇಷನ್ ಲೆಕ್ಕ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಅದೇ ನಿಮಗೆ ಉತ್ತರ.

ಕೊಳ್ಳುವವರಿಗೆ

ಸಾಲದ ಮಂಜೂರಾತಿ ಪತ್ರ ಮೊದಲು ಮಾಡಿಸಿಕೊಳ್ಳಿ. ಮಾರುವವರು ತಿಂಗಳುಗಟ್ಟಲೆ ಕಾದಿರುವಾಗ ‘ಲೋನ್ ರೆಡಿ ಇದೆ, 45 ದಿನದಲ್ಲಿ ರಿಜಿಸ್ಟ್ರೇಷನ್’ ಅನ್ನುವ ಮಾತಿಗೆ ಒಂದೆರಡು ಲಕ್ಷದ ಬೆಲೆ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, ಅಲ್ಲಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75ರವರೆಗೆ ಮಾತ್ರ ಬ್ಯಾಂಕು ಕೊಡಬಹುದು. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ಈ ಬೆಲೆಯಲ್ಲಿ ಸೇರುವುದಿಲ್ಲ.

ಅದನ್ನು ಕೈಲೆಕ್ಕ ಹಾಕಿ ನೋಡೋಣ. 90 ಲಕ್ಷದ ಫ್ಲ್ಯಾಟಿಗೆ ಸಾಲ ಹೆಚ್ಚೆಂದರೆ 72 ಲಕ್ಷ. 18 ಲಕ್ಷ ನಿಮ್ಮದು. ಬೆಂಗಳೂರಿನಲ್ಲಿ 45 ಲಕ್ಷಕ್ಕಿಂತ ಮೇಲಿನ ಫ್ಲ್ಯಾಟಿಗೆ ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಒಟ್ಟು ಶೇ. 7.6, ಅಂದರೆ 6,84,000 ರೂಪಾಯಿ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ. 5 ಜಿಎಸ್‌ಟಿ, ಅಂದರೆ ಇನ್ನೊಂದು ನಾಲ್ಕೂವರೆ ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮನೆಗೆ ಜಿಎಸ್‌ಟಿ ಇಲ್ಲ. ಮಾರಾಟವಾಗದೆ ಉಳಿದ ರೆಡಿ ಫ್ಲ್ಯಾಟುಗಳು ಜಾಸ್ತಿ ಇರುವಾಗ ಇನ್ನೂ ಕಟ್ಟುತ್ತಿರುವುದನ್ನು ಕೊಳ್ಳಲು ನನಗಂತೂ ಒಳ್ಳೆಯ ಕಾರಣ ಕಾಣುವುದಿಲ್ಲ. ಕಣ್ಣೆದುರಿಗೆ ಗೋಡೆ, ನೀರು, ನೆರೆಯವರು ಎಲ್ಲ ಇದ್ದಾರೆ, ತೆರಿಗೆಯೂ ಕಡಿಮೆ, ಬಾಡಿಗೆ ಮತ್ತು ಇಎಂಐ ಎರಡನ್ನೂ ಕಟ್ಟುವ ಕಷ್ಟವೂ ಇಲ್ಲ.

ನಿಜವಾದ ರೇಟು ತಿಳಿಯಲು ಒಂದು ದಾರಿ ಇದೆ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ಯಾವುದೇ ಆಸ್ತಿಯ ಇಸಿಗೆ, ಅಂದರೆ ಅದರ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿಗೆ ಅರ್ಜಿ ಹಾಕಬಹುದು. 2004ರ ಏಪ್ರಿಲ್ 1ರಿಂದ ಈಚಿನ ನೋಂದಣಿಗಳು ಅದರಲ್ಲಿ ಸಿಗುತ್ತವೆ. ಕ್ರಯಪತ್ರದಲ್ಲಿ ತೋರಿಸಿದ ಮೊತ್ತವೂ ಇಸಿಯಲ್ಲಿ ಇರುತ್ತದೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಮಾರಿದ ಒಂದೆರಡು ಫ್ಲ್ಯಾಟುಗಳ ವಿವರ ಗೊತ್ತಿದ್ದರೆ ಅವುಗಳ ಇಸಿ ತೆಗೆಸಿ. ಜಾಹೀರಾತಿನಲ್ಲಿ ಕೇಳುವ ರೇಟಿಗೂ ವ್ಯವಹಾರ ಮುಗಿದ ರೇಟಿಗೂ ಎಷ್ಟು ವ್ಯತ್ಯಾಸ ಅಂತ ಅಂದಾಜು ಸಿಗುತ್ತದೆ. ಕೆಲವರು ಪತ್ರದಲ್ಲಿ ಕಡಿಮೆ ತೋರಿಸಿರುತ್ತಾರೆ, ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಈಗ ಕಾಗದಗಳು. ಮೂಲಪತ್ರದಿಂದ ಇವತ್ತಿನ ಮಾಲೀಕರವರೆಗೆ ಸರಪಳಿ ಕಡಿಯದೆ ಬಂದಿದೆಯಾ, ಜಾಗ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿದೆಯಾ, ಮಂಜೂರಾದ ನಕ್ಷೆಯಲ್ಲಿ ನಿಮ್ಮ ಮಹಡಿ ಇದೆಯಾ ನೋಡಬೇಕು. ಕೊನೆಯದನ್ನು ಕೇಳಿ ನಗಬೇಡಿ, ನಕ್ಷೆಯಲ್ಲಿ ನಾಲ್ಕು ಮಹಡಿ ಇದ್ದು ಐದನೆಯದನ್ನು ಮಾರಿದ ಕಟ್ಟಡಗಳು ನಮ್ಮೂರಲ್ಲಿವೆ. ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ನಿಯಮ ಪೂರ್ತಿ ಪಾಲಿಸದ ಆಸ್ತಿಗೆ ಕೊಡುವ ಬಿ ಖಾತಾ ಆದರೆ ಬಹಳ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಅಂದರೆ ನಾಳೆ ನೀವು ಮಾರುವಾಗಲೂ ಕೊಳ್ಳುವವರು ಕಡಿಮೆ.

ಓಸಿ ವಿಷಯದಲ್ಲಿ ಯಾವ ರಿಯಾಯಿತಿಗೂ ಸೋಲಬೇಡಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಗಳಿಗೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಅಂತ ಹೇಳಿತು. ಅದಾದ ಮೇಲೆ ಕರ್ನಾಟಕದಲ್ಲಿ ಹೊಸ ಮೀಟರಿಗೆ ಎಷ್ಟೋ ಜನ ಒದ್ದಾಡಿದರು. ‘ಓಸಿ ಬರುತ್ತೆ ಸಾರ್, ಅಪ್ಲೈ ಮಾಡಿದೀವಿ’ ಅಂದರೆ, ಬಂದ ಮೇಲೆ ಬರುತ್ತೇನೆ ಅನ್ನಿ. ಸ್ಟಾಕು ಜಾಸ್ತಿ ಇರುವಾಗ ಹಾಗೆ ಹೇಳುವ ಧೈರ್ಯ ನಿಮಗಿರಬೇಕು. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಅಂತಲೂ ಸುಮ್ಮನಿರಬೇಡಿ. ಅವರು ನೋಡುವುದು ಬ್ಯಾಂಕಿನ ದುಡ್ಡಿಗಾಗಿ. ನಿಮಗೆ ನಿಮ್ಮದೇ ವಕೀಲರು ಬೇಕು.

ಇನ್ನು ಚೌಕಾಸಿ. ದೊಡ್ಡ ಬಿಲ್ಡರುಗಳು ಚದರಡಿ ರೇಟನ್ನು ಸುಲಭಕ್ಕೆ ಇಳಿಸುವುದಿಲ್ಲ, ಈಗಾಗಲೇ ಕೊಂಡವರು ಜಗಳಕ್ಕೆ ಬರುತ್ತಾರೆ ಅನ್ನುವ ಭಯ ಅವರಿಗೆ. ಅದರ ಬದಲು ಮಾಡ್ಯುಲರ್ ಕಿಚನ್, ಎಸಿ, ಚಿನ್ನದ ನಾಣ್ಯ ಅಂತ ಕೊಡುತ್ತಾರೆ. 5 ಲಕ್ಷದ ಕಿಚನ್ ಕೊಡುತ್ತೇವೆ ಅಂದರೆ, ಅದು ಬೇಡ, ಬೆಲೆಯಲ್ಲೇ 5 ಲಕ್ಷ ಇಳಿಸಿ ಅನ್ನಿ. ಸ್ಟ್ಯಾಂಪ್ ಡ್ಯೂಟಿ, ನೋಂದಣಿಯಲ್ಲಿ 38,000 ಉಳಿಯುತ್ತದೆ. ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿಯಲ್ಲಿ ಇನ್ನೂ 25,000. ಇಳಿಸಲು ಒಪ್ಪದಿದ್ದರೆ ಫ್ಲೋರ್ ರೈಸ್ (ಮೇಲಿನ ಮಹಡಿಗೆ ಹಾಕುವ ಹೆಚ್ಚುವರಿ ದರ), ಪಾರ್ಕ್ ಕಡೆ ಮುಖ ಅಂತ ಹಾಕುವ ಚಾರ್ಜು, ಕ್ಲಬ್‌ಹೌಸ್ ದುಡ್ಡು, ಕಾರ್ ಪಾರ್ಕಿಂಗ್ ಇವುಗಳನ್ನು ಒಂದೊಂದಾಗಿ ಹಿಡಿಯಿರಿ. ರೇಟಿನಲ್ಲಿ ಬಗ್ಗದವರು ಇಲ್ಲಿ ಬಗ್ಗುತ್ತಾರೆ. ಹೋಲಿಸುವಾಗ ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಸೂಪರ್ ಬಿಲ್ಟಪ್ ಬಿಟ್ಟು, ಮನೆಯೊಳಗೆ ಬಳಸಲು ಸಿಗುವ ಕಾರ್ಪೆಟ್ ಏರಿಯಾದ ಮೇಲೆ ಲೆಕ್ಕ ಹಾಕಿ.

‘ಮೂರು ವರ್ಷ ಬಾಡಿಗೆ ಖಾತ್ರಿ’, ‘ಕೀ ಸಿಗುವ ತನಕ ಇಎಂಐ ನಾವೇ ಕಟ್ಟುತ್ತೇವೆ’ ಅನ್ನುವ ಸ್ಕೀಮುಗಳಿಂದ ದೂರ ಇರಿ. ಆ ದುಡ್ಡು ಮನೆ ಬೆಲೆಯಲ್ಲೇ ಸೇರಿರುತ್ತದೆ. ಸಾಲ ನಿಮ್ಮ ಹೆಸರಲ್ಲಿ ಇರುವುದರಿಂದ ಬಿಲ್ಡರು ಇಎಂಐ ನಿಲ್ಲಿಸಿದರೆ ಬ್ಯಾಂಕು ಬರುವುದು ನಿಮ್ಮ ಮನೆಗೆ. ದೆಹಲಿ ಸುತ್ತಮುತ್ತ ಸಾವಿರಾರು ಕುಟುಂಬಗಳು ಹೀಗೆ ಸಿಕ್ಕಿಬಿದ್ದು ಸುಪ್ರೀಂ ಕೋರ್ಟಿನವರೆಗೆ ಹೋದವು.

ಬಿಲ್ಡರಿಂದ ಕೊಳ್ಳುವಾಗ ಅಗ್ರಿಮೆಂಟ್ ನೋಂದಣಿಯಾಗುವ ಮೊದಲು ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ, ಕೇಳುವುದೇ ರೇರಾ ಪ್ರಕಾರ ತಪ್ಪು. ಕೈಬದಲಾಗುವ ಮನೆಯಾದರೆ ಅಗ್ರಿಮೆಂಟಿನಲ್ಲಿ ಒಂದು ಸಾಲು ತಪ್ಪದೆ ಬರೆಸಿ: ಆಸ್ತಿಯ ದಾಖಲೆಗಳಲ್ಲಿನ ದೋಷದಿಂದ ಬ್ಯಾಂಕ್ ಸಾಲ ಸಿಗದೇ ಹೋದರೆ ಅಡ್ವಾನ್ಸ್ ಪೂರ್ತಿ ಇಷ್ಟು ದಿನದಲ್ಲಿ ವಾಪಸ್. ಬೇಡಿಕೆ ಜೋರಾಗಿದ್ದಾಗ ಇದಕ್ಕೆ ಯಾರೂ ಒಪ್ಪುವುದಿಲ್ಲ, ಈಗ ಒಪ್ಪುತ್ತಾರೆ. ಮಾರುವವರು ಸಾಚಾ ಇದ್ದರೆ ಅವರಿಗೆ ಇದರಿಂದ ನಷ್ಟವೇನೂ ಇಲ್ಲ.

ಒಂದು ಎಚ್ಚರಿಕೆ. ತುಂಬಾ ಇಳಿಸಿ ಕೊಂಡಾಗ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ನೋಡಿಕೊಳ್ಳಿ. 2023ರ ಅಕ್ಟೋಬರ್ 1ರಿಂದ ಅದು ರಾಜ್ಯದಲ್ಲಿ ಏರಿದೆ. ಮಾರ್ಗಸೂಚಿ ಬೆಲೆ 80 ಲಕ್ಷ ಇದ್ದು ನೀವು 70 ಲಕ್ಷಕ್ಕೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿ 80ರ ಮೇಲೆಯೇ. ವ್ಯತ್ಯಾಸ ಶೇ. 10 ದಾಟಿದ್ದರಿಂದ ಆ 10 ಲಕ್ಷ ನಿಮ್ಮ ಆದಾಯ ಅಂತ ತೆರಿಗೆಗೆ ಸೇರುತ್ತದೆ. ಮಾರುವವರಿಗೂ ಲಾಭದ ಲೆಕ್ಕ 80ರ ಮೇಲೇ ಆಗುತ್ತದೆ.

ಮಾರುವವರಿಗೆ

ಬೋರ್ಡು ಹಾಕುವ ಮೊದಲು ಒಂದು ಫೈಲು ಮಾಡಿ. ಕ್ರಯಪತ್ರ, ಮೂಲಪತ್ರಗಳ ನಕಲು, ಇ-ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಇತ್ತೀಚಿನ ಇಸಿ, ಓಸಿ, ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ, ಕರೆಂಟ್ ಬಿಲ್ಲು. ಆಧಾರ್, ಪ್ಯಾನ್, ಕ್ರಯಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ನಮ್ಮ ಕಡೆ ಸಾಮಾನ್ಯ. ಇ-ಖಾತಾ ಮಾಡಿಸುವಾಗ ಇದೇ ತಲೆನೋವು ಕೊಡುತ್ತದೆ. ಪ್ಯಾನ್-ಆಧಾರ್ ಲಿಂಕ್ ಆಗಿಲ್ಲದಿದ್ದರೆ ಕೊಳ್ಳುವವರು ಶೇ. 1ರ ಬದಲು ಶೇ. 20 ಟಿಡಿಎಸ್ (ನಿಮಗೆ ಕೊಡುವ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಾಗುತ್ತದೆ. 50 ಲಕ್ಷ ಮತ್ತು ಅದಕ್ಕೂ ಮೇಲಿನ ವ್ಯವಹಾರಕ್ಕೆಲ್ಲ ಈ ಟಿಡಿಎಸ್ ಇದೆ.

ಆಸ್ತಿ ತಂದೆಯವರ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ, ವಂಶವೃಕ್ಷ ಮಾಡಿಸಿ ಖಾತೆ ಬದಲಾವಣೆ ಮುಗಿಸಿಯೇ ಮಾರಾಟಕ್ಕೆ ಇಡಿ. ಅಕ್ಕ, ತಂಗಿಯರ ಸಹಿ ‘ಆಮೇಲೆ ತಗೊಂಡ್ರಾಯ್ತು’ ಅನ್ನಬೇಡಿ. ಅವರಿಗೂ ಪಾಲು ಇದೆ. ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಅದನ್ನು. ಅದೇ ಓಣಿಯಲ್ಲಿ ಮೂರು ಮನೆ ಮಾರಾಟಕ್ಕಿರುವಾಗ ಸಹಿಗಾಗಿ ಎರಡು ತಿಂಗಳು ಯಾರೂ ಕಾಯುವುದಿಲ್ಲ.

ರೇಟು ಇಡುವುದು ಎಲ್ಲಕ್ಕಿಂತ ಕಷ್ಟ. ‘ಮೇಲೆ ಹೇಳಿ ಇಡೋಣ, ಆಮೇಲೆ ಇಳಿಸಿದ್ರಾಯ್ತು’ ಅನ್ನುವುದು ಸ್ಟಾಕು ಕಡಿಮೆ ಇದ್ದಾಗ ನಡೆಯುತ್ತದೆ. ಜಾಸ್ತಿ ಇದ್ದಾಗ ಮೊದಲ ಮೂರ್ನಾಲ್ಕು ವಾರವೇ ಮುಖ್ಯ. ಆಗಲೇ ನಿಜವಾಗಿ ಕೊಳ್ಳಬೇಕು ಅನ್ನುವವರು ನೋಡಿಹೋಗುತ್ತಾರೆ. ಆರು ತಿಂಗಳು ಅಲ್ಲೇ ಇದ್ದ ಜಾಹೀರಾತನ್ನು ನೋಡಿದವರು ‘ಇದರಲ್ಲಿ ಏನೋ ತೊಂದರೆ ಇದೆ’ ಅಂದುಕೊಳ್ಳುತ್ತಾರೆ. ನೀವು ಕೊನೆಗೆ ಇಳಿಸಿದರೂ ಅವರು ಇನ್ನೂ ಕೆಳಗೆ ಕೇಳುತ್ತಾರೆ.

ಕಾಯುವುದಕ್ಕೂ ಖರ್ಚಿದೆ. ಖಾಲಿ ಬಿದ್ದ 80 ಲಕ್ಷದ ಫ್ಲ್ಯಾಟು ಅಂದುಕೊಳ್ಳಿ. ಆ ದುಡ್ಡು ಬಂದಿದ್ದರೆ ಶೇ. 7ರ ಬಡ್ಡಿಯಲ್ಲಿ ವರ್ಷಕ್ಕೆ 5.6 ಲಕ್ಷ, ತಿಂಗಳಿಗೆ ಸುಮಾರು 47,000. ಮೆಂಟೆನೆನ್ಸ್ ಬೇರೆ. ಎರಡು ಲಕ್ಷ ಜಾಸ್ತಿ ಸಿಗಲಿ ಅಂತ ಆರು ತಿಂಗಳು ಕಾದರೆ ಬಡ್ಡಿಯಲ್ಲೇ 2.8 ಲಕ್ಷ ಹೋಗಿರುತ್ತದೆ. ಮಾರಲು ಅವಸರವಿಲ್ಲದವರು ಬಾಡಿಗೆಗೆ ಕೊಟ್ಟು ಎರಡು ವರ್ಷ ಸುಮ್ಮನಿರುವುದು ವಾಸಿ. ಅರ್ಧ ಮನಸ್ಸಿನಿಂದ ಬೋರ್ಡು ಹಾಕಿಕೊಂಡು ಕೂರುವುದರಿಂದ ಯಾವ ಲಾಭವೂ ಇಲ್ಲ.

ಮನೆಗೆ ಹೆಚ್ಚು ಖರ್ಚು ಮಾಡಬೇಡಿ. ಹೊಸ ಕಿಚನ್ ಹಾಕಿಸಿದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಬಚ್ಚಲಿನ ಸೋರಿಕೆ, ಗೋಡೆಯ ತೇವ ಸರಿಮಾಡಿಸಿ, ಬಣ್ಣ ಬಳಿಸಿ, ಅಷ್ಟು ಸಾಕು. ತೇವದ ಮೇಲೆ ಬರೀ ಬಣ್ಣ ಬಳಿಸಬೇಡಿ. ಮಳೆಗಾಲದಲ್ಲಿ ನೋಡಲು ಬಂದವರಿಗೆ ಗೊತ್ತಾಗಿಯೇ ಆಗುತ್ತದೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಸಾಲ ಇನ್ನೂ ಇದ್ದರೆ ಬ್ಯಾಂಕಿನಿಂದ ಉಳಿದ ಬಾಕಿಯ ಪತ್ರವನ್ನೂ, ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿಯನ್ನೂ ಮೊದಲೇ ತೆಗೆದಿಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ದಾಖಲೆ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ಇದು ತಿಳಿದಿದ್ದರೆ ಕೊಳ್ಳುವವರಿಗೂ ಧೈರ್ಯ.

ತೆರಿಗೆಯ ಲೆಕ್ಕ ಮಾಡದೆ ಕೊನೆಯ ರೇಟು ಹೇಳಬೇಡಿ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ಇಲ್ಲೇ ವಾಸಿಸುವವರು ಹಣದುಬ್ಬರದ ಲೆಕ್ಕ ಹಾಕಿ ಶೇ. 20ರ ಹಳೆಯ ದಾರಿಯಲ್ಲೂ ನೋಡಬಹುದು, ಯಾವುದು ಕಡಿಮೆಯೋ ಅದು. 2012-13ರಲ್ಲಿ 40 ಲಕ್ಷಕ್ಕೆ ಕೊಂಡು 2025-26ರಲ್ಲಿ 90 ಲಕ್ಷಕ್ಕೆ ಮಾರಿದರೆ ಮೊದಲ ಲೆಕ್ಕದಲ್ಲಿ ತೆರಿಗೆ 6.25 ಲಕ್ಷ. ಹಳೆಯ ಲೆಕ್ಕದಲ್ಲಿ ಹಣದುಬ್ಬರ ಸೇರಿಸಿ ಕೊಂಡ ಬೆಲೆ 75.2 ಲಕ್ಷ ಆಗುತ್ತದೆ, ತೆರಿಗೆ ಸುಮಾರು 2.96 ಲಕ್ಷ. ಸೆಸ್ ಬೇರೆ. ಮೂರು ಲಕ್ಷಕ್ಕೂ ಮೇಲೆ ವ್ಯತ್ಯಾಸ, ಅಲ್ವಾ? ಅಷ್ಟನ್ನು ಕೊಳ್ಳುವವರಿಗೆ ಬಿಟ್ಟುಕೊಟ್ಟರೂ ವ್ಯವಹಾರ ಮುಗಿಯಬಹುದು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ಹಣದುಬ್ಬರದ ಈ ದಾರಿ ಇಲ್ಲ. ಜೊತೆಗೆ ಕೊಳ್ಳುವವರು ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೇ ಟಿಡಿಎಸ್ ಹಿಡಿಯಬೇಕಾಗುತ್ತದೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯ ಸರ್ಟಿಫಿಕೇಟು ಮೊದಲೇ ತರಿಸಿ. ಊರಿನಲ್ಲಿ ಅಣ್ಣನೋ ಭಾವನೋ ಸಹಿ ಹಾಕುವುದಾದರೆ ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿ ಸ್ಟ್ಯಾಂಪ್ ಮಾಡಿಸಬೇಕು. ಕೊಳ್ಳುವವರು ಸಿಕ್ಕ ಮೇಲೆ ಇದನ್ನು ಶುರುಮಾಡಿದರೆ ಅವರು ಬೇರೆ ಮನೆ ನೋಡಿಕೊಳ್ಳುತ್ತಾರೆ.

ಒಂದನ್ನು ಮಾರಿ ಇನ್ನೊಂದು ಕೊಳ್ಳುವವರಿಗೆ

ಮೊದಲು ಮಾರಿ, ಆಮೇಲೆ ಕೊಳ್ಳಿ. ಮನೆಗಳು ಜಾಸ್ತಿ ಇರುವಾಗ ಕೊಳ್ಳಲು ಮನೆ ಸಿಕ್ಕೇ ಸಿಗುತ್ತದೆ, ಮಾರುವುದೇ ತಡ. ಮೊದಲು ಕೊಂಡುಬಿಟ್ಟರೆ ಎರಡು ಇಎಂಐ ಹೊರಬೇಕು, ಆ ಭಾರಕ್ಕೆ ಹೆದರಿ ಹಳೆಯ ಮನೆಯನ್ನು ಅಗ್ಗಕ್ಕೆ ಕೊಡಬೇಕಾಗುತ್ತದೆ. ರಿಜಿಸ್ಟ್ರೇಷನ್ ಆದ ಮೇಲೂ ಮೂರು ತಿಂಗಳು ಅದೇ ಮನೆಯಲ್ಲಿ ಬಾಡಿಗೆಗೆ ಇರುತ್ತೇವೆ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಮಕ್ಕಳ ಪರೀಕ್ಷೆ ಮುಗಿಯಲಿ ಅಂದರೆ ಬಹಳ ಜನ ಒಪ್ಪುತ್ತಾರೆ.

ಮಾರಿದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಕಟ್ಟಿಸಲು ಹಾಕಿದರೆ ತೆರಿಗೆ ವಿನಾಯಿತಿ ಇದೆ. ಅಂದರೆ ಹುಡುಕಲು ಸಾಕಷ್ಟು ಸಮಯ ಇದೆ. ಆದರೆ ರಿಟರ್ನ್ಸ್ ಹಾಕುವ ಗಡುವಿನೊಳಗೆ ಹೊಸ ಮನೆಗೆ ದುಡ್ಡು ಹಾಕಿರದಿದ್ದರೆ, ಆ ಮೊತ್ತವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಎಫ್‌ಡಿಯಲ್ಲಿಟ್ಟರೆ ವಿನಾಯಿತಿ ಸಿಗುವುದಿಲ್ಲ.

ಕೊಳ್ಳುವವರೇ ಇರಲಿ, ಮಾರುವವರೇ ಇರಲಿ, ಅಡ್ವಾನ್ಸನ್ನು ನಗದಿನಲ್ಲಿ ಕೊಡಲೂ ಬೇಡಿ, ತೆಗೆದುಕೊಳ್ಳಲೂ ಬೇಡಿ. ಸ್ಥಿರಾಸ್ತಿ ವ್ಯವಹಾರಕ್ಕೆ 20,000 ಅಥವಾ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ರಿಜಿಸ್ಟ್ರೇಷನ್ ಮುಗಿದ ವಾರದಲ್ಲೇ ಖಾತೆ ಬದಲಾವಣೆ, ಕರೆಂಟ್ ಮೀಟರಿನ ಹೆಸರು, ಅಸೋಸಿಯೇಷನ್ ದಾಖಲೆ ಮೂರಕ್ಕೂ ಅರ್ಜಿ ಹಾಕಿ. ಒಂದು ತಿಂಗಳು ಬಿಟ್ಟು ಹೊಸ ಇಸಿ ತೆಗೆಸಿ, ನಿಮ್ಮ ಹೆಸರು ಸರಿಯಾಗಿ ಬಂದಿದೆಯಾ, ಮಾರಿದವರ ಹಳೆಯ ಸಾಲ ತೀರಿದ್ದು ದಾಖಲಾಗಿದೆಯಾ ಅಂತ ನೋಡಿ ಫೈಲಿಗೆ ಸೇರಿಸಿಡಿ.